ಆಂಡರ್ಸನ್ ಮುಳುಗಿದ್ದು ಕಾಗದ ಹರಿದದ್ದಕ್ಕಲ್ಲ

ಆರ್ಥರ್ ಆಂಡರ್ಸನ್ ಎಂಬ ಆಡಿಟ್ ಸಂಸ್ಥೆ ಎಂದರೆ ಇವತ್ತಿಗೂ ಜನಕ್ಕೆ ನೆನಪಾಗುವುದು ಕಾಗದ ಚೂರು ಮಾಡುವ ಯಂತ್ರ. 2001ರ ಅಕ್ಟೋಬರ್ 23ರಿಂದ ಅದರ ಹ್ಯೂಸ್ಟನ್ ಕಚೇರಿಯಲ್ಲಿ ತಾನೇ ಆಡಿಟ್ ಮಾಡುತ್ತಿದ್ದ, ಲೆಕ್ಕದ ಹಗರಣದಲ್ಲಿ ಸಿಕ್ಕಿಬಿದ್ದ ಎನ್ರಾನ್ ಕಂಪನಿಯ ಕಾಗದಪತ್ರಗಳನ್ನು ರಾಶಿಗಟ್ಟಲೆ ಹರಿದು ಹಾಕಿದರು. ಅಮೆರಿಕದ ಷೇರು ನಿಯಂತ್ರಕ ಎಸ್‌ಇಸಿಯ ಸಮನ್ಸ್ ಕೈಸೇರಿದ ಮೇಲೆಯೇ ಅದು ನಿಂತಿದ್ದು. ಮರುವರ್ಷ ಜೂನ್‌ನಲ್ಲಿ ಜ್ಯೂರಿ ಸಂಸ್ಥೆಯನ್ನು ತಪ್ಪಿತಸ್ಥ ಎಂದಿತು. ಆಗಸ್ಟ್ 31ಕ್ಕೆ ಅದು ಆಡಿಟ್ ಪರವಾನಗಿ ಒಪ್ಪಿಸಿ ಬಾಗಿಲು ಹಾಕಿತು. ಜಗತ್ತಿನಾದ್ಯಂತ ಸುಮಾರು 85,000 ಜನ ದುಡಿಯುತ್ತಿದ್ದ ಸಂಸ್ಥೆಯದು. ಶಿವಮೊಗ್ಗದಲ್ಲಿ ಆಡಿಟರಾಗಿಯೇ ಬದುಕು ಕಳೆದ ನನಗೆ ಈ ಕಥೆಯನ್ನು ಇಷ್ಟಕ್ಕೇ ನಿಲ್ಲಿಸುವುದು ಒಪ್ಪಿಗೆಯಿಲ್ಲ. ಸಂಸ್ಥೆ ಕೆಟ್ಟದ್ದು ಆ ಯಂತ್ರ ತಿರುಗುವುದಕ್ಕೆ ಎಷ್ಟೋ ಮೊದಲು. ಅದು ಕೆಟ್ಟ ದಾರಿ ನಮ್ಮಲ್ಲೂ ಪೂರ್ತಿ ಮುಚ್ಚಿಲ್ಲ.

ಸ್ಥಾಪಕ ಆಂಡರ್ಸನ್ ನಾರ್ವೆಯಿಂದ ವಲಸೆ ಹೋದ ದಂಪತಿಯ ಮಗ. ಹದಿಹರೆಯದಲ್ಲೇ ತಂದೆತಾಯಿ ಇಲ್ಲದಾದರು. ದುಡಿಯುತ್ತಲೇ ಓದಿ ಮೇಲೆ ಬಂದ ಆತ 1913ರಲ್ಲಿ ಷಿಕಾಗೋದಲ್ಲಿ ಪಾಲುದಾರನೊಬ್ಬನ ಜತೆ ಕಚೇರಿ ತೆರೆದ. ಶುರುವಿನಲ್ಲೇ ರೈಲ್ವೆ ಕಂಪನಿಯ ಮುಖ್ಯಸ್ಥನೊಬ್ಬ ತನಗೆ ಬೇಕಾದ ಹಾಗೆ ಬರೆಸಿದ ಲೆಕ್ಕಕ್ಕೆ ಸಹಿ ಹಾಕು ಎಂದು ಬಂದು ಕೂತನಂತೆ. ಈ ಊರಿನ ದುಡ್ಡನ್ನೆಲ್ಲ ತಂದು ಸುರಿದರೂ ಆಗದು ಎಂದು ಆಂಡರ್ಸನ್ ಅವನನ್ನು ವಾಪಸು ಕಳಿಸಿದನಂತೆ. ಗಿರಾಕಿ ಕೈತಪ್ಪಿತು, ತಿಂಗಳುಗಳಲ್ಲೇ ಆ ರೈಲ್ವೆ ಕಂಪನಿ ದಿವಾಳಿಯೆದ್ದಿತು. ಸಂಸ್ಥೆಯೊಳಗೆ ತಲೆಮಾರುಗಳ ಕಾಲ ಹೇಳಿಕೊಂಡು ಬಂದ ಕಥೆ ಇದು.

ಆಮೇಲೆ ಬಂದದ್ದು ಸಲಹೆಯ ವ್ಯಾಪಾರ. 1950ರ ದಶಕದಲ್ಲಿ ಜನರಲ್ ಎಲೆಕ್ಟ್ರಿಕ್‌ನ ಲೂಯಿವಿಲ್ ಕಾರ್ಖಾನೆಯ ಸಂಬಳದ ಲೆಕ್ಕವನ್ನು ಕಂಪ್ಯೂಟರಿಗೆ ಏರಿಸುವ ಕೆಲಸದಲ್ಲಿ ಆಂಡರ್ಸನ್ ಕೈಹಾಕಿತು. ಆ ಕಡೆಯ ಆದಾಯ ಬೆಳೆಯುತ್ತಾ ಹೋಗಿ, 1989ರಲ್ಲಿ ಸಲಹಾ ವಿಭಾಗ ಬೇರೆ ಘಟಕವಾಯಿತು. ಮುಂದೆ ಜಗಳವಾಗಿ, ಮಧ್ಯಸ್ಥಿಕೆ ನಡೆದು, 2001ರಲ್ಲಿ ಅದು ಆ್ಯಕ್ಸೆಂಚರ್ ಎಂಬ ಹೆಸರಿಟ್ಟುಕೊಂಡಿತು. ಬೆಂಗಳೂರಿನಲ್ಲಿ ನಮ್ಮ ಎಷ್ಟೋ ಮನೆಗಳ ಮಕ್ಕಳು ದುಡಿಯುವ ಆ್ಯಕ್ಸೆಂಚರ್ ಅದೇ. ಇತ್ತ ಆಡಿಟ್ ಮನೆಯವರು ಸಲಹೆಯ ದುಡ್ಡಿನ ರುಚಿ ಬಿಡಲಿಲ್ಲ, ತಾವೂ ಅದೇ ವ್ಯಾಪಾರ ಬೆಳೆಸಿಕೊಂಡರು.

ಎನ್ರಾನ್ ಲೆಕ್ಕಕ್ಕೆ ಬನ್ನಿ. ಮಹಾರಾಷ್ಟ್ರದ ದಾಭೋಲ್ ವಿದ್ಯುತ್ ಯೋಜನೆಯಿಂದ ನಮಗೂ ಗುರುತಾದ ಕಂಪನಿ ಅದು. 2000ನೇ ಇಸವಿಯಲ್ಲಿ ಆಂಡರ್ಸನ್‌ಗೆ ಅದು ಕೊಟ್ಟದ್ದು 5.2 ಕೋಟಿ ಡಾಲರ್: ಆಡಿಟ್‌ಗೆ 2.5 ಕೋಟಿ, ಉಳಿದ ಸೇವೆಗಳಿಗೆ 2.7 ಕೋಟಿ. 2001ರ ಫೆಬ್ರುವರಿಯಲ್ಲಿ ಹಿರಿಯ ಪಾಲುದಾರರು ಸೇರಿ, ಈ ಗಿರಾಕಿಯನ್ನು ಇಟ್ಟುಕೊಳ್ಳಬೇಕೇ ಬಿಡಬೇಕೇ ಎಂದು ಚರ್ಚಿಸಿದರು. ಲೆಕ್ಕದಲ್ಲಿನ ಅಪಾಯ ಅವರಿಗೆ ಕಾಣದೇ ಇರಲಿಲ್ಲ. ವರ್ಷದ ಫೀಸು ಹತ್ತು ಕೋಟಿ ಡಾಲರ್ ತಲುಪಬಹುದು ಎಂಬ ಮಾತೂ ಅಲ್ಲಿ ಬಂತು. ಗಿರಾಕಿಯನ್ನು ಉಳಿಸಿಕೊಂಡರು. ಮರುತಿಂಗಳು, ಎನ್ರಾನ್‌ನ ಲೆಕ್ಕದ ರೀತಿಗೆ ಆಕ್ಷೇಪ ಎತ್ತುತ್ತಿದ್ದ ಕಾರ್ಲ್ ಬ್ಯಾಸ್ ಎಂಬ ತಮ್ಮದೇ ಪರಿಣತನನ್ನು ಆ ಕಂಪನಿಯ ಕೆಲಸದಿಂದ ದೂರ ಇಟ್ಟರು, ಅದೂ ಎನ್ರಾನ್ ಕೇಳಿಕೊಂಡಿತೆಂದು. ಆಂಡರ್ಸನ್ ಸತ್ತದ್ದು ಅವತ್ತು ಎಂದು ನಾನು ನಂಬಿದ್ದೇನೆ. ಆಕ್ಷೇಪ ಎತ್ತುವವನನ್ನು ಗಿರಾಕಿಯ ಮಾತಿಗೆ ಬಿಟ್ಟುಕೊಟ್ಟ ಆಡಿಟ್ ಸಂಸ್ಥೆಯ ಸಹಿಗೆ ಬೆಲೆ ಎಲ್ಲಿಯದು?

ಆಡಿಟ್ ಎಂದರೆ ಕೊನೆಗೂ ಅನುಮಾನದ ಕೆಲಸ. ನಮ್ಮ ಕಡೆಯ ಅಡಿಕೆ ಗೋದಾಮಿನಲ್ಲಿ ಸ್ಟಾಕ್ ನೋಡಲು ಹೋದವನು ಮುಂದಿನ ಸಾಲಿನ ಮೂಟೆ ಎಣಿಸಿ ಬರುವಂತಿಲ್ಲ. ಹಮಾಲರನ್ನು ಕರೆದು ನಡುವಿನ ಚೀಲ ಇಳಿಸಬೇಕು, ಬಾಯಿ ಬಿಚ್ಚಿಸಬೇಕು, ಕೈಹಾಕಿ ನೋಡಬೇಕು. ಪುಸ್ತಕದಲ್ಲಿ ಸರಕು ಎಂಬ ದುಬಾರಿ ಅಡಿಕೆ ಎಂದು ಬರೆದ ಚೀಲದೊಳಗೆ ಗೊರಬಲು ಎಂಬ ಅಗ್ಗದ ಅಡಿಕೆ ಇದ್ದರೆ ಬ್ಯಾಲೆನ್ಸ್ ಶೀಟಿನಲ್ಲಿ ಇಲ್ಲದ ಲಕ್ಷಗಳು ಹುಟ್ಟುತ್ತವೆ. ಚೀಲ ಇಳಿಸಿ ಎಂದಾಗ ಮಾಲೀಕರ ಮುಖ ಗಂಟಿಕ್ಕುತ್ತದೆ. ನಮ್ಮ ಫೀಸು ಕೊಡುವವರೂ ಅವರೇ. ಬ್ಯಾಂಕಿನ ಬ್ಯಾಲೆನ್ಸ್ ಸರ್ಟಿಫಿಕೇಟ್ ಗಿರಾಕಿಯ ಕೈಯಿಂದ ಬರಕೂಡದು, ನೇರ ಬ್ಯಾಂಕಿನಿಂದಲೇ ಬರಬೇಕು ಎಂಬುದೂ ನಾವು ಆರ್ಟಿಕಲ್‌ಶಿಪ್ಪಿನಲ್ಲೇ ಕಲಿಯುವ ಪಾಠ. ಸತ್ಯಂ ಹಗರಣದಲ್ಲಿ ತಪ್ಪಿದ್ದು ಈ ಪಾಠವೇ. 2009ರ ಜನವರಿ 7ರಂದು ಆ ಕಂಪನಿಯ ಸ್ಥಾಪಕ ರಾಮಲಿಂಗ ರಾಜು ಒಪ್ಪಿಕೊಂಡ ಪ್ರಕಾರ, ಪುಸ್ತಕದಲ್ಲಿದ್ದ 5,040 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಬಾಕಿ ಇರಲೇ ಇಲ್ಲ. ಆಡಿಟ್ ಮಾಡಿದ ಪ್ರೈಸ್ ವಾಟರ್‌ಹೌಸ್‌ನವರು ಬ್ಯಾಂಕ್ ದೃಢೀಕರಣ ಪತ್ರಗಳ ರವಾನೆಯನ್ನೇ ಸತ್ಯಂನ ಕೈಗೆ ಬಿಟ್ಟಿದ್ದರು ಎಂದು ಅಮೆರಿಕದ ನಿಯಂತ್ರಕರು ಹೇಳಿ, 2011ರಲ್ಲಿ ಒಟ್ಟು 75 ಲಕ್ಷ ಡಾಲರ್ ದಂಡ ಹಾಕಿದರು.

ಆಂಡರ್ಸನ್‌ಗೆ ಕೊಟ್ಟ ಶಿಕ್ಷೆ ಸರಿ ಎಂದೂ ನಾನು ಹೇಳಲಾರೆ. 2005ರ ಮೇ 31ರಂದು ಅಮೆರಿಕದ ಸುಪ್ರೀಂ ಕೋರ್ಟ್, ಜ್ಯೂರಿಗೆ ಕೊಟ್ಟ ಸೂಚನೆಗಳಲ್ಲಿ ದೋಷವಿದೆ ಎಂದು ಒಮ್ಮತದಿಂದ ಆ ತೀರ್ಪನ್ನು ರದ್ದು ಮಾಡಿತು. ಅಷ್ಟರಲ್ಲಿ ಎನ್ರಾನ್‌ನ ಒಂದು ಲೆಡ್ಜರನ್ನೂ ಕಂಡಿರದ ಸಾವಿರಾರು ಜನರ ಕೆಲಸ ಹೋಗಿತ್ತು. ಜಗತ್ತಿನ ಐದು ದೊಡ್ಡ ಸಂಸ್ಥೆಗಳು ನಾಲ್ಕಾದವು. ನಾಲ್ಕು ಮೂರಾದರೆ ಗತಿಯೇನು ಎಂಬ ಅಂಜಿಕೆ ಇದ್ದಷ್ಟು ದಿನ ಇವರ ಮೇಲೆ ಯಾವ ಸರ್ಕಾರದ ಕೈಯೂ ಗಟ್ಟಿಯಾಗಿ ಬೀಳುವುದು ಕಷ್ಟ. ಶಿಕ್ಷೆ ಸಹಿ ಹಾಕಿದವರಿಗೆ ಆಗಬೇಕು, ಬೇಗ ಆಗಬೇಕು.

ನಮ್ಮಲ್ಲಿ 2013ರ ಕಂಪನಿ ಕಾಯ್ದೆ ಬಂದ ಮೇಲೆ ಎಷ್ಟೋ ಸುಧಾರಿಸಿದೆ. ಪಟ್ಟಿಯಾದ ಕಂಪನಿಯಲ್ಲಿ ಒಂದು ಸಂಸ್ಥೆ ಹತ್ತು ವರ್ಷಕ್ಕಿಂತ ಹೆಚ್ಚು ಸತತವಾಗಿ ಆಡಿಟರಾಗಿ ಇರುವಂತಿಲ್ಲ, ಲೆಕ್ಕ ಬರೆಯುವುದೂ ಆಂತರಿಕ ಆಡಿಟ್ಟೂ ಅದೇ ಸಂಸ್ಥೆಗೆ ನಿಷಿದ್ಧ. 2018ರಲ್ಲಿ ಎನ್‌ಎಫ್‌ಆರ್‌ಎ ಎಂಬ ನಿಯಂತ್ರಕ ಸಂಸ್ಥೆಯೂ ಬಂತು. ಇಷ್ಟಿದ್ದೂ ಕಾಫಿ ಡೇ ಸಮೂಹದಿಂದ 3,535 ಕೋಟಿ ರೂಪಾಯಿ ಪ್ರವರ್ತಕರ ಖಾಸಗಿ ಕಂಪನಿಗೆ ಹರಿದುಹೋದದ್ದು ಹೊರಬಿದ್ದಿದ್ದು ಸಮೂಹದ ಸ್ಥಾಪಕ ಸಿದ್ಧಾರ್ಥ ಅವರ ಸಾವಿನ ನಂತರದ ತನಿಖೆಯಲ್ಲಿ. ಆಡಿಟರುಗಳಿಗೆ ಎನ್‌ಎಫ್‌ಆರ್‌ಎ ದಂಡ ಹಾಕಿದ್ದು 2023 ಮತ್ತು 2024ರಲ್ಲಿ. ತೆರಿಗೆ ಸಲಹೆ, ಸರ್ಟಿಫಿಕೇಟುಗಳಂಥ ಸೇವೆಗಳಿಗೆ ಕಾನೂನು ಇನ್ನೂ ಜಾಗ ಬಿಟ್ಟಿದೆ. ಆಡಿಟ್ ಮಾಡುವ ಸಂಸ್ಥೆ ಆ ಗಿರಾಕಿಯಿಂದ ಬೇರೆ ಯಾವ ಹೆಸರಿನಲ್ಲೂ ಒಂದು ರೂಪಾಯಿ ಪಡೆಯಕೂಡದು ಎಂದು ಕಾಯ್ದೆ ಬಿಗಿಯಾಗಲೇಬೇಕು.

ಕಾಯ್ದೆ ಬಿಗಿಯಾಗುವ ತನಕ ಷೇರು ಇಟ್ಟುಕೊಂಡವರೇ ನೋಡಿಕೊಳ್ಳಬೇಕು. ತೀರಾ ಸಣ್ಣವನ್ನು ಬಿಟ್ಟು ಪಟ್ಟಿಯಾದ ಕಂಪನಿಗಳ ವಾರ್ಷಿಕ ವರದಿಯಲ್ಲಿ, ಕಾರ್ಪೊರೇಟ್ ಗವರ್ನೆನ್ಸ್ ಭಾಗದಲ್ಲಿ, ಆಡಿಟರಿಗೂ ಅವರ ಬಳಗದ ಸಂಸ್ಥೆಗಳಿಗೂ ಕೊಟ್ಟ ಒಟ್ಟು ಹಣ ಅಚ್ಚಾಗಿರುತ್ತದೆ. ಬರೀ ಆಡಿಟ್ ಫೀಸು ಎಷ್ಟೆಂಬುದು ಲೆಕ್ಕದ ಟಿಪ್ಪಣಿಗಳಲ್ಲಿ ಸಿಗುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಆಡಿಟ್ ಫೀಸಿಗಿಂತ ಬೇರೆ ಸೇವೆಗಳ ದುಡ್ಡೇ ಹೆಚ್ಚಾಗಿದ್ದರೆ, ಆಡಿಟರ ನೇಮಕದ ನಿರ್ಣಯ ಇ-ವೋಟಿಂಗಿಗೆ ಬಂದಾಗ ಬೇಡ ಎಂದು ಮತ ಹಾಕಿ.