ಸುರಿಯುವ ಕೈಯೂ ಅಳೆಯುವ ಕಣ್ಣೂ

ಮನೆಯ ಮೇಲ್ತೊಟ್ಟಿಗೆ ನೀರೇರಿಸುವ ಪಂಪನ್ನು ತಾನಾಗಿ ನಡೆಯುವಂತೆ ಮಾಡಲು ಎರಡು ಕ್ರಮಗಳುಂಟು. ಪ್ರತಿದಿನ ಬೆಳಗ್ಗೆ ಅರ್ಧ ಗಂಟೆ ಓಡುವಂತೆ ಅದನ್ನು ಗಡಿಯಾರಕ್ಕೆ ಜೋಡಿಸುವುದು ಒಂದು. ತೊಟ್ಟಿಯಲ್ಲಿ ತೇಲುಗುಂಡನ್ನಿರಿಸಿ, ನೀರು ಇಳಿದಾಗ ಪಂಪು ಓಡುವಂತೆಯೂ ತುಂಬಿದೊಡನೆ ನಿಲ್ಲುವಂತೆಯೂ ಏರ್ಪಡಿಸುವುದು ಇನ್ನೊಂದು. ಎರಡನ್ನೂ ನಾವು ‘ಸ್ವಯಂಚಾಲಿತ’ವೆಂದೇ ಕರೆಯುತ್ತೇವೆ. ಆದರೆ ನೆಂಟರು ಬಂದು ನೀರಿನ ಖರ್ಚು ಹೆಚ್ಚಿದ ದಿನ, ಮೊದಲನೆಯದರ ಕುರುಡುತನ ಬಯಲಾಗುತ್ತದೆ. ಈ ಭೇದದ ಮಹತ್ತ್ವವನ್ನು ಹವಳದ ಜಲಾಲಯವು ಬಹು ಚೆನ್ನಾಗಿ ತೋರಿಸಿಕೊಡುತ್ತದೆ.

ಹವಳವು ಕಲ್ಲೂ ಅಲ್ಲ, ಗಿಡವೂ ಅಲ್ಲ, ಅದೊಂದು ಪ್ರಾಣಿ. ಸಮುದ್ರದ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ಅಯಾನುಗಳನ್ನು ಹೀರಿ, ಕ್ಯಾಲ್ಸಿಯಂ ಕಾರ್ಬೊನೇಟಿನ ಅಸ್ಥಿಪಂಜರವನ್ನು ಅದು ಕಟ್ಟಿಕೊಳ್ಳುತ್ತದೆ. ಸಮುದ್ರದಲ್ಲಿ ಈ ಸಾಮಗ್ರಿಗೆ ಕೊರತೆಯಿಲ್ಲ. ಗಾಜಿನ ತೊಟ್ಟಿಯಲ್ಲಾದರೋ ಅದು ಬೇಗನೆ ಬರಿದಾಗುತ್ತದೆ. ಆದುದರಿಂದ ಹವಳವನ್ನು ಸಾಕುವವರು ಕ್ಯಾಲ್ಸಿಯಂ ಕ್ಲೋರೈಡಿನ ದ್ರಾವಣವನ್ನೂ ಸೋಡಿಯಂ ಬೈಕಾರ್ಬೊನೇಟ್ ಅಥವಾ ಕಾರ್ಬೊನೇಟಿನ ದ್ರಾವಣವನ್ನೂ ದಿನವೂ ಬೇರೆಬೇರೆಯಾಗಿ ಸೇರಿಸಬೇಕಾಗುತ್ತದೆ. ಎರಡನ್ನೂ ನೇರವಾಗಿ ಬೆರೆಸಿದರೆ ದ್ರಾವಣವು ಹಾಲಿನಂತೆ ಬೆಳ್ಳಗಾಗಿ, ಹವಳಕ್ಕೆ ಸಲ್ಲಬೇಕಾದ ಸಾಮಗ್ರಿಯೆಲ್ಲ ಗಸಿಯಾಗಿ ತಳಕ್ಕಿಳಿಯುತ್ತದೆ.

ಆಮ್ಲವನ್ನು ತಟಸ್ಥಗೊಳಿಸುವ ನೀರಿನ ಸಾಮರ್ಥ್ಯಕ್ಕೆ ಕ್ಷಾರೀಯತೆ ಎಂದು ಹೆಸರು. ಸಮುದ್ರದ ನೀರಿನಲ್ಲಿ ಇದು ಲೀಟರಿಗೆ ಸುಮಾರು 2.3 ಮಿಲಿ ಈಕ್ವಿವಲೆಂಟ್. ಕ್ಯಾಲ್ಸಿಯಂ ಲೀಟರಿಗೆ ಸುಮಾರು 410 ಮಿಲಿಗ್ರಾಂ. ಹವಳವು 20 ಮಿಲಿಗ್ರಾಂ ಕ್ಯಾಲ್ಸಿಯಂ ತೆಗೆದುಕೊಂಡರೆ, ಅದರೊಡನೆ ಒಂದು ಮಿಲಿ ಈಕ್ವಿವಲೆಂಟ್ ಕ್ಷಾರೀಯತೆಯೂ ಖರ್ಚಾಗುತ್ತದೆ. ಲೆಕ್ಕವನ್ನು ನೋಡಿರಿ: ಕ್ಯಾಲ್ಸಿಯಂ ನೂರಕ್ಕೆ ಐದರಷ್ಟು ಇಳಿಯುವ ಹೊತ್ತಿಗೆ ಕ್ಷಾರೀಯತೆ ನೂರಕ್ಕೆ ನಲವತ್ತಕ್ಕೂ ಹೆಚ್ಚು ಇಳಿದಿರುತ್ತದೆ! ಜಲಾಲಯದ ನಾಡಿಯನ್ನು ಹಿಡಿದು ನೋಡಬೇಕಾದದ್ದು ಎಲ್ಲಿ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಈ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವುದರಿಂದ ಮನುಷ್ಯನು ಸೋಮಾರಿಯಾಗುವನೆಂದು ಕೆಲವರು ಆಕ್ಷೇಪಿಸಬಹುದು. ಅದನ್ನು ನಾವು ಒಪ್ಪುವುದಿಲ್ಲ. ದಿನಕ್ಕೊಮ್ಮೆ ಕೈಯಿಂದ ಸುರಿದರೆ ಕ್ಷಾರೀಯತೆ ಒಮ್ಮೆಲೇ ಏರಿ ಮತ್ತೆ ಇಳಿಯುತ್ತದೆ. ಹವಳಕ್ಕೆ ಬೇಕಾದುದು ಸ್ಥಿರತೆ. ಮೆತುವಾದ ಕೊಳವೆಯನ್ನು ಉರುಳೆಗಳಿಂದ ಒತ್ತುತ್ತ ದ್ರವವನ್ನು ಮುಂದೆ ತಳ್ಳುವ ಸಣ್ಣ ಪಂಪು, ಹಗಲಿರುಳೂ ಗಂಟೆಗಂಟೆಗೆ ಕೆಲವೇ ಮಿಲಿಲೀಟರುಗಳನ್ನು ಬೇಸರವಿಲ್ಲದೆ ಸೇರಿಸುತ್ತದೆ. ಇಂಥ ತಾಳ್ಮೆ ಮನುಷ್ಯನಿಗೆ ಎಲ್ಲಿಂದ ಬರಬೇಕು?

ನಮ್ಮ ಆಕ್ಷೇಪಣೆಯೇನಿದ್ದರೂ ಗಡಿಯಾರವನ್ನು ಮಾತ್ರ ನಂಬಿದ ಪಂಪಿನ ಮೇಲೆ. ಹವಳ ಬೆಳೆದಂತೆಲ್ಲ ಅದರ ಬೇಡಿಕೆ ಹೆಚ್ಚುತ್ತದೆ. ಪಂಪಿಗೆ ಅದು ತಿಳಿಯದು. ಕೊಳವೆ ಸವೆದು ಬೀಳುವ ದ್ರವದ ಪ್ರಮಾಣ ಬದಲಾಗುತ್ತದೆ, ಅದೂ ತಿಳಿಯದು. ಇನ್ನು ಹವಳಕ್ಕೆ ಕಾಯಿಲೆಯಾಯಿತೆನ್ನಿರಿ. ಅದು ಅಸ್ಥಿಪಂಜರವನ್ನು ಕಟ್ಟುವುದನ್ನು ನಿಲ್ಲಿಸುತ್ತದೆ, ಪಂಪು ಸುರಿಯುವುದನ್ನು ನಿಲ್ಲಿಸುವುದಿಲ್ಲ. ಕ್ಷಾರೀಯತೆ ಏರುತ್ತಲೇ ಹೋಗಿ, ಮೊದಲೇ ಸೊರಗಿದ ಪ್ರಾಣಿಗೆ ಮತ್ತಷ್ಟು ಕೇಡಾಗುತ್ತದೆ. ಉಪಕಾರಕ್ಕೆಂದು ಇಟ್ಟ ಯಂತ್ರವೇ ಅಪಕಾರಿಯಾಗುತ್ತದೆ.

ಹಾಗಾದರೆ ಅಳತೆಯನ್ನೂ ಯಂತ್ರಕ್ಕೇ ಒಪ್ಪಿಸಬಾರದೆ? ಒಪ್ಪಿಸಬಹುದು. ನೀರಿನ ಮಾದರಿಯನ್ನು ತಾನೇ ಸೆಳೆದು, ಆಮ್ಲವನ್ನು ಹನಿಹನಿಯಾಗಿ ಸೇರಿಸಿ, ಕ್ಷಾರೀಯತೆಯನ್ನು ಕಂಡುಹಿಡಿದು, ಅದಕ್ಕೆ ತಕ್ಕಂತೆ ಪಂಪನ್ನು ತಿದ್ದುವ ಉಪಕರಣಗಳು ಈಗ ಉಂಟು. ಮೇಲ್ತೊಟ್ಟಿಯ ತೇಲುಗುಂಡಿನ ಕೆಲಸ ಇದೇ. ಆದರೆ ತೇಲುಗುಂಡೂ ಸಿಕ್ಕಿಹಾಕಿಕೊಳ್ಳುವುದುಂಟು! ನಮ್ಮ ಪ್ರಯೋಗಶಾಲೆಯಲ್ಲಿ ಒಮ್ಮೆ ಪಿಎಚ್ 7 ಇರಬೇಕಾದ ಪ್ರಮಾಣದ್ರಾವಣವನ್ನು ಮಾಪಕವು 7.4 ಎಂದು ತೋರಿಸುತ್ತಿದ್ದುದು ತಡವಾಗಿ ಗೊತ್ತಾಗಿ, ಒಂದು ವಾರದ ಲೆಕ್ಕವನ್ನೆಲ್ಲ ಹೊಡೆದುಹಾಕಬೇಕಾಯಿತು. ನಮಗೆ ನಷ್ಟವಾದುದು ಕಾಗದ ಮಾತ್ರ. ಅದೇ ಮಾಪಕದ ಕೈಯಲ್ಲಿ ಪಂಪಿನ ಗುಂಡಿಯೂ ಇದ್ದಿದ್ದರೆ? ಆದುದರಿಂದ ಇಂಥ ಯಂತ್ರಕ್ಕೆ ಎರಡು ಕಟ್ಟುಗಳು ಅಗತ್ಯವೆಂದು ನಮ್ಮ ಮತ. ಅಳತೆ ಏನೇ ಹೇಳಲಿ, ದಿನಕ್ಕೆ ಇಂತಿಷ್ಟಕ್ಕಿಂತ ಹೆಚ್ಚು ಸುರಿಯಕೂಡದೆಂಬ ಮಿತಿ ಒಂದು. ವಾರಕ್ಕೊಮ್ಮೆಯಾದರೂ ಮನುಷ್ಯನು ತನ್ನ ಕೈಯಿಂದಲೇ ಅಳೆದು ನೋಡಬೇಕೆಂಬ ನಿಯಮ ಇನ್ನೊಂದು.

ಗಾಜಿನ ತೊಟ್ಟಿಗೆ ಸಲ್ಲುವ ಈ ಮಾತು ಸಮುದ್ರಕ್ಕೂ ಸಲ್ಲುತ್ತದೆ. 2014ರಲ್ಲಿ ರೆಬೆಕ್ಕಾ ಆಲ್‌ಬ್ರೈಟ್, ಕೆನ್ ಕಾಲ್ಡೀರಾ ಮತ್ತು ಅವರ ಸಂಗಡಿಗರು ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫಿನ ಒನ್ ಟ್ರೀ ದ್ವೀಪದ ಬಳಿ ಹವಳದಿಬ್ಬದ ಮೇಲೆ ಸೋಡಿಯಂ ಹೈಡ್ರಾಕ್ಸೈಡಿನ ದ್ರಾವಣವನ್ನು ಹರಿಯಬಿಟ್ಟು, ಕೈಗಾರಿಕಾಯುಗಕ್ಕೆ ಮುಂಚಿನ ಸಮುದ್ರದ ಸ್ಥಿತಿಯನ್ನು ಸಮೀಪಿಸಿದರು. ಹವಳದಿಬ್ಬವು ಸುಣ್ಣ ಕಟ್ಟುವ ವೇಗ ನೂರಕ್ಕೆ ಸುಮಾರು 7ರಷ್ಟು ಹೆಚ್ಚಿತು. ಫಲಿತಾಂಶವು 2016ರಲ್ಲಿ ಪ್ರಕಟವಾಯಿತು. ಆ ದ್ರಾವಣಕ್ಕೆ ಅವರು ಒಂದು ಬಣ್ಣವನ್ನೂ ಬೆರೆಸಿದ್ದರು. ಬಣ್ಣವನ್ನು ಹವಳ ಹೀರುವುದಿಲ್ಲ. ಆದುದರಿಂದ ಸಮುದ್ರದ ನೀರಿನಲ್ಲಿ ಬೆರೆತು ತೆಳುವಾದ ಭಾಗವೆಷ್ಟು, ಹವಳವು ಬಳಸಿಕೊಂಡ ಭಾಗವೆಷ್ಟು ಎಂಬುದನ್ನು ಬೇರ್ಪಡಿಸಲು ಸಾಧ್ಯವಾಯಿತು. ಬಣ್ಣವಿಲ್ಲದಿದ್ದರೆ ಹವಳವು ಬಳಸಿಕೊಂಡದ್ದೆಷ್ಟೆಂದು ಹೇಳುವುದು ದುಸ್ತರವಾಗುತ್ತಿತ್ತು. ಸುರಿದುದಕ್ಕೆ ಅರ್ಥ ಬಂದುದು ಅಳತೆಯಿಂದಲೇ.

ಇದನ್ನೋದಿ ಹವಳವನ್ನು ತರಲು ಯಾರೂ ಹೊರಡಬಾರದು. ನಮ್ಮ ದೇಶದಲ್ಲಿ ದಿಬ್ಬ ಕಟ್ಟುವ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯುಂಟು. ವಿದ್ಯಾರ್ಥಿಗಳು ಮಾಡಬಹುದಾದುದು ಬೇರೆಯಿದೆ. ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ತಮ್ಮೂರ ಬಾವಿಯ ನೀರಿಗೆ ಮೀಥೈಲ್ ಆರೆಂಜ್ ಹಾಕಿ, ಬ್ಯೂರೆಟ್ಟಿನಿಂದ ಆಮ್ಲವನ್ನು ತೊಟ್ಟಿಕ್ಕಿಸಿ, ಬಣ್ಣ ತಿರುಗುವ ಕ್ಷಣವನ್ನು ಕಾದು ನೋಡಲಿ. ಆ ಬೆಲೆಬಾಳುವ ಯಂತ್ರ ಮಾಡುವುದೂ ಇಷ್ಟೇ. ಒಮ್ಮೆ ತನ್ನ ಕೈಯಿಂದ ಅಳೆದವನು ಮುಂದೆ ಯಾವ ಯಂತ್ರದ ಒಡೆಯನಾದರೂ, ಅದು ಸುಳ್ಳು ಹೇಳಿದ ದಿನ ಅದನ್ನು ಗುರುತಿಸಬಲ್ಲನು.