ಯಾರ ಮನೆ? ಯಾರ ರಕ್ಷಣೆ?

ಅಮೆರಿಕದ ಇಲಿನಾಯ್ ಸಂಸ್ಥಾನದ ಶಾಸನಸಭೆಗೆ 1970ರ ದಶಕದಲ್ಲಿ ಒಂದು ವಿಚಿತ್ರವಾದ ನಿಯೋಗ ಮತ್ತೆ ಮತ್ತೆ ಬರುತ್ತಿತ್ತು. ಧಿಕ್ಕಾರದ ಕೂಗಿಲ್ಲ, ಎತ್ತಿದ ಮುಷ್ಟಿಯಿಲ್ಲ. ಅಚ್ಚುಕಟ್ಟಾಗಿ ಉಡುಪು ತೊಟ್ಟ ಗೃಹಿಣಿಯರು ಮನೆಯಲ್ಲೇ ಬೇಯಿಸಿದ ಬ್ರೆಡ್ಡನ್ನೂ ಮನೆಯಲ್ಲೇ ಕುದಿಸಿದ ಜಾಮನ್ನೂ ಶಾಸಕರ ಕೈಗಿಟ್ಟು, ಹೆಂಗಸನ್ನು ಗಂಡಸಿಗೆ ಸಮಾನಳೆಂದು ಸಾರುವ ತಿದ್ದುಪಡಿಗೆ ಓಟು ಕೊಡಬೇಡಿರೆಂದು ನಗುನಗುತ್ತ ಕೇಳಿಕೊಂಡು ಹೋಗುತ್ತಿದ್ದರು. ಶಾಸಕ ಮಹಾಶಯರು ಬ್ರೆಡ್ಡು ತಿಂದರು. ಕೇಳಿದ ಹಾಗೆಯೇ ತಿದ್ದುಪಡಿಯನ್ನು ಬೀಳಿಸಿದರು.

ಅಮೆರಿಕದ ಹೆಂಗಸರ ಜಗಳದಿಂದ ನಮಗೇನಾಗಬೇಕು ಎಂದು ಮಿಲ್ಲಿನ ಗೇಟಿನ ಬಳಿ ಈ ಪತ್ರಿಕೆ ಕೊಳ್ಳುವ ಗೆಳೆಯರು ಕೇಳಬಹುದು. ಆಗಬೇಕಾದದ್ದು ಇದೆ. ಸಮಾನತೆಯ ಕಾನೂನನ್ನು ಮುಳುಗಿಸುವವರು ಗಂಡಸರು, ಮಾಲೀಕರು, ಧರ್ಮಾಧಿಕಾರಿಗಳು ಎಂದೇ ನಾವು ತಿಳಿದುಕೊಂಡಿದ್ದೇವೆ. ಇಲ್ಲಿ ಮುಂದೆ ನಿಂತು ಮುಳುಗಿಸಿದವರು ಹೆಂಗಸರು; ಅದೂ ಹತ್ತು ವರ್ಷ ಬೇಸರವಿಲ್ಲದೆ, ಶಿಸ್ತಿನಿಂದ. ಲಾಭ ಉಂಡವರು ಮಾತ್ರ ಬೇರೆ.

ಆ ತಿದ್ದುಪಡಿಯಲ್ಲಿದ್ದದ್ದು ಇಷ್ಟೆ: ಹೆಣ್ಣೆಂದೋ ಗಂಡೆಂದೋ ಕಾರಣ ಮಾಡಿ ಕಾನೂನಿನ ಮುಂದೆ ಯಾರ ಸಮಾನ ಹಕ್ಕನ್ನೂ ಕೇಂದ್ರವಾಗಲಿ ಸಂಸ್ಥಾನಗಳಾಗಲಿ ಕಿತ್ತುಕೊಳ್ಳಕೂಡದು. ನಮ್ಮ ಸಂವಿಧಾನ ಈ ಮಾತನ್ನು 1950ರಲ್ಲೇ ಬರೆದುಕೊಂಡಿತು. ಅಲ್ಲಿನ ಹೆಂಗಸರು 1923ರಿಂದ ಬಾಗಿಲು ತಟ್ಟುತ್ತಿದ್ದರು. ಕೊನೆಗೆ 1972ರ ಮಾರ್ಚ್ 22ರಂದು ಸೆನೆಟ್ಟು 84ಕ್ಕೆ 8 ಓಟುಗಳಿಂದ ಒಪ್ಪಿತು. ಇನ್ನು 50 ಸಂಸ್ಥಾನಗಳಲ್ಲಿ 38 ಒಪ್ಪಿಬಿಟ್ಟರೆ ಮುಗಿಯಿತು. ಎರಡು ವರ್ಷ ತುಂಬುವ ಮೊದಲೇ 30 ಒಪ್ಪಿದವು. ಆಮೇಲೆ ಗಾಡಿ ಕೆಸರಿನಲ್ಲಿ ಹೂತಿತು. 1977ರಲ್ಲಿ ಕುಂಟುತ್ತ 35ನೆಯದು ಬಂತು, ಅಲ್ಲಿಗೇ ನಿಂತಿತು.

ಗಾಲಿಗೆ ಕಲ್ಲು ಕೊಟ್ಟವರು ಶ್ರೀಮತಿ ಫಿಲಿಸ್ ಶ್ಲಾಫ್ಲಿ. ಕೆಥೊಲಿಕ್ ಮನೆತನ, ಆರು ಮಕ್ಕಳ ತಾಯಿ, ವಕೀಲರ ಪತ್ನಿ. ಎರಡನೆ ಮಹಾಯುದ್ಧದ ಕಾಲದಲ್ಲಿ ಸೇಂಟ್ ಲೂಯಿ ನಗರದ ಮದ್ದುಗುಂಡಿನ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ದುಡಿದು, ತೋಟಾ ಹಾರಿಸಿ ಪರೀಕ್ಷೆ ಮಾಡಿ, ಆ ಸಂಬಳದಲ್ಲಿ ಕಾಲೇಜು ಓದಿದವರು. ಪಾರ್ಲಿಮೆಂಟಿಗೆ 1952ರಲ್ಲೂ 1970ರಲ್ಲೂ ನಿಂತು ಸೋತವರು. ಗೃಹಿಣಿಯ ಬಾಳೇ ಹೆಂಗಸಿಗೆ ಸಾರ್ಥಕವೆಂದು ದೇಶವೆಲ್ಲ ತಿರುಗಿ ಭಾಷಣ ಮಾಡುತ್ತಲೇ 1978ರಲ್ಲಿ ಕಾನೂನು ಪದವಿಯನ್ನೂ ಪಡೆದರು. ಭಾಷಣಕ್ಕೆ ಮುಂಚೆ, ಸಭೆಗೆ ಬರಲು ಬಿಟ್ಟ ಪತಿರಾಯರಿಗೆ ವಂದನೆ ಹೇಳುವುದು ರೂಢಿ. ಎದುರಾಳಿಗಳ ಹೊಟ್ಟೆ ಉರಿಯಲಿ ಎಂದೇ ಹಾಗನ್ನುತ್ತೇನೆಂದು ಅವರೇ ಒಪ್ಪುತ್ತಿದ್ದರು. ಬುದ್ಧಿವಂತೆ, ಇದನ್ನು ಅಲ್ಲಗಳೆಯುವವನು ಮೂರ್ಖ.

1972ರಲ್ಲಿ ಅವರು ಕಟ್ಟಿದ ಸಂಘಟನೆಯ ಹೆಸರು ‘ಸ್ಟಾಪ್ ಇ.ಆರ್.ಎ.’. ‘ಸ್ಟಾಪ್’ ಎಂಬುದರ ಒಂದೊಂದು ಅಕ್ಷರವನ್ನೂ ಬಿಡಿಸಿ, ನಮ್ಮ ವಿಶೇಷ ಸವಲತ್ತುಗಳನ್ನು ಕಸಿಯಬೇಡಿ ಎಂಬ ಅರ್ಥ ಕೊಟ್ಟಿದ್ದರು. ತಿದ್ದುಪಡಿ ಬಂದರೆ ಹೆಣ್ಣುಮಕ್ಕಳನ್ನು ಯುದ್ಧಕ್ಕೆ ಎಳೆದೊಯ್ಯುತ್ತಾರೆ ಎಂದರು. ಅದು ವಿಯೆಟ್ನಾಮಿನ ಕಾಲ, ತಾಯಂದಿರು ನಡುಗಿದರು. ಗಂಡಸರಿಗೂ ಹೆಂಗಸರಿಗೂ ಒಂದೇ ಪಾಯಖಾನೆ ಆಗುತ್ತದೆ ಎಂದರು. ಇದು ಶುದ್ಧ ಹುಚ್ಚು ಮಾತು, ಆದರೂ ಓಡಿತು. ಎಲ್ಲಕ್ಕಿಂತ ಮನೆಮನೆಗೆ ನಾಟಿದ್ದು ಮತ್ತೊಂದು ಮಾತು: ಹೆಂಡತಿಯನ್ನು ಸಾಕುವ ಹೊಣೆಯಿಂದ ಗಂಡ ಪಾರಾಗಿಬಿಡುತ್ತಾನೆ.

ಆ ಹೊಣೆ ಎಂಥದ್ದಿತ್ತು ನೋಡೋಣ. ನೆಬ್ರಾಸ್ಕ ಸಂಸ್ಥಾನದ ಒಬ್ಬ ರೈತನ ಹೆಂಡತಿ 33 ವರ್ಷ ಸಂಸಾರ ಮಾಡಿ, ಹೊಲಮನೆ ಎರಡರಲ್ಲೂ ಗೇದು, ಕೊನೆಗೆ ಕೋರ್ಟಿನ ಮೆಟ್ಟಿಲು ಹತ್ತಿದಳು. ಗಂಡನ ಬಳಿ ಜಮೀನು, ಬಾಂಡು, ಬ್ಯಾಂಕಿನ ಹಣ ಸೇರಿ ಸುಮಾರು 2 ಲಕ್ಷ ಡಾಲರು. ಮನೆಯೊಳಗೆ ಬಚ್ಚಲಿಲ್ಲ, ಕಕ್ಕಸಿಲ್ಲ. ಮೂರುನಾಲ್ಕು ವರ್ಷಗಳಿಂದ ಕೈಗೆ ಒಂದು ಕಾಸು ಕೊಟ್ಟಿರಲಿಲ್ಲ. ಕೋಳಿ ಸಾಕಿ, ಮೊಟ್ಟೆ ಮಾರಿ, ಅದರಲ್ಲೇ ತನ್ನ ಬಟ್ಟೆಬರೆ ಮತ್ತು ಮನೆಯ ದಿನಸಿ. ಕೆಳಗಿನ ಕೋರ್ಟು ಆಕೆಯ ಪರ ತೀರ್ಪು ಕೊಟ್ಟಿತು. 1953ರಲ್ಲಿ ಸಂಸ್ಥಾನದ ಸರ್ವೋಚ್ಚ ನ್ಯಾಯಾಲಯ ಅದನ್ನು ಅಳಿಸಿಹಾಕಿತು. ಹೆಂಡತಿ ಗಂಡನೊಡನೆ ಒಂದೇ ಸೂರಿನಡಿ ಇರುವ ತನಕ ಆತ ಎಷ್ಟು ಖರ್ಚು ಮಾಡಬೇಕೆಂಬುದು ಮನೆಯ ಮಾತು, ಕೋರ್ಟಿನ ಮಾತಲ್ಲವಂತೆ. ಸಾಕುವ ಹಕ್ಕು ಬೇಕಾದರೆ ಆಕೆ ಮೊದಲು ಮನೆ ಬಿಟ್ಟು ಹೊರಡಬೇಕು!

ಶ್ರೀಮತಿ ಶ್ಲಾಫ್ಲಿಯವರು ಕಾಪಾಡಲು ಹೊರಟ ಸವಲತ್ತು ಇದು. ಒಪ್ಪಿಗೆ ಕೊಟ್ಟು ಆಮೇಲೆ 1973ರಲ್ಲಿ ಅದನ್ನು ಮೊಟ್ಟಮೊದಲು ಹಿಂದಕ್ಕೆ ತೆಗೆದುಕೊಂಡ ಸಂಸ್ಥಾನವೂ ಇದೇ ನೆಬ್ರಾಸ್ಕ.

ಪೇಟೆಯ ಸಣ್ಣ ವರ್ತಕ ಬಂಧುಗಳು ಇನ್ನೊಂದನ್ನು ಕೇಳಬೇಕು. ಯಜಮಾನರು ಮಾಲು ತರಲು ಹೋದಾಗ ಗಲ್ಲಾ ಮುಂದೆ ಕೂಡುವವಳು, ರಾತ್ರಿ ಲೆಕ್ಕ ಬರೆಯುವವಳು ಯಾರೆಂದು ನಿಮಗೆ ಹೇಳಬೇಕಾಗಿಲ್ಲ. 1970ರ ದಶಕದ ನಡುವಿನವರೆಗೂ ಅಮೆರಿಕದ ತೆರಿಗೆ ಕಾನೂನಿನಲ್ಲಿ, ಗಂಡಹೆಂಡಿರ ಜಂಟಿ ಹೆಸರಿನ ಹೊಲವಾಗಲಿ ಅಂಗಡಿಯಾಗಲಿ, ಗಂಡ ಸತ್ತ ದಿನ ಪೂರ್ತಿ ಗಂಡನದೇ ಎಂದು ಲೆಕ್ಕ. ತಾನು ಹಣ ಹಾಕಿದ್ದೆನೆಂದು ವಿಧವೆ ರುಜುವಾತು ಮಾಡಬೇಕು. ಬೆವರು ಹಾಕಿದ್ದನ್ನು ಕೇಳುವವರಿಲ್ಲ. ಆ ಗಂಟು ಪೂರ್ತಿ ಬಿಚ್ಚಿದ್ದು 1981ರಲ್ಲಿ.

ಹಾಗಾದರೆ ಲಕ್ಷಾಂತರ ಹೆಂಗಸರು ಈ ಸುಳ್ಳು ಸವಲತ್ತಿಗೆ ಏಕೆ ಜೋತುಬಿದ್ದರು? ಅಜ್ಞಾನ ಎಂದು ಬೈದು ಕೈತೊಳೆದುಕೊಂಡರೆ ನಾವೇ ಅಜ್ಞಾನಿಗಳಾಗುತ್ತೇವೆ. ಹೊರಗೆ ದುಡಿದರೆ ಗಂಡಸಿಗೆ 1 ಡಾಲರ್ ಸಿಗುವಲ್ಲಿ ಹೆಂಗಸಿಗೆ 59 ಸೆಂಟು ಸಿಗುತ್ತಿದ್ದ ಕಾಲ ಅದು. ಇಪ್ಪತ್ತು ವರ್ಷ ಒಲೆಯ ಮುಂದೆ ಕಳೆದವಳನ್ನು ಗಂಡ ಬಿಟ್ಟರೆ ಆಕೆಗೆ ಪಿಂಚಣಿಯಿಲ್ಲ, ಕಸುಬಿಲ್ಲ. ಆಕೆಯ ಭಯ ನೂರಕ್ಕೆ ನೂರು ನಿಜ. ಆ ಭಯದಿಂದ ಕೂಲಿ ಕೇಳುವ, ಪಿಂಚಣಿ ಕೇಳುವ ಚಳವಳಿ ಹುಟ್ಟಬೇಕಾಗಿತ್ತು. ಶ್ರೀಮತಿಯವರು ಅದನ್ನು ತಿರುಗಿಸಿ ಕಾರ್ಖಾನೆಯಲ್ಲಿ ದುಡಿಯುವ ಅಕ್ಕತಂಗಿಯರ ಮೇಲೆ ಬಿಟ್ಟರು.

ಇದರಲ್ಲಿ ನಮ್ಮ ಕಡೆಯವರ ತಪ್ಪೂ ಉಂಟು; ಮುಚ್ಚಿಡುವುದು ಬೇಡ. ಅಮೆರಿಕದ ಕಾರ್ಮಿಕ ಸಂಘಗಳು ಐವತ್ತು ವರ್ಷ ಈ ತಿದ್ದುಪಡಿಯನ್ನು ವಿರೋಧಿಸಿದ್ದವು. ಕಾರಣ ಕ್ಷುಲ್ಲಕವಲ್ಲ. ಬಟ್ಟೆ ಒಗೆಯುವ ಕಾರ್ಖಾನೆಗಳ ಹೆಂಗಸರಿಂದ ದಿನಕ್ಕೆ 10 ಗಂಟೆಗಿಂತ ಹೆಚ್ಚು ದುಡಿಸಬಾರದೆಂಬ ಆರೆಗನ್ ಸಂಸ್ಥಾನದ ಕಾನೂನನ್ನು 1908ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದಿತ್ತು. ಹೋರಾಡಿ ಪಡೆದ ಇಂಥ ರಕ್ಷಣೆ ಕೊಚ್ಚಿಹೋದೀತೆಂಬ ಅಂಜಿಕೆ. ಆದರೆ ಅದೇ ರಕ್ಷಣೆಯನ್ನು ನೆಪಮಾಡಿ ಮಾಲೀಕರು ಒಳ್ಳೆ ಸಂಬಳದ ಕೆಲಸಕ್ಕೂ ಓವರ್‌ಟೈಮಿಗೂ ಹೆಂಗಸರನ್ನು ಸೇರಿಸದೆ ಇದ್ದಾಗ, ಎಷ್ಟೋ ಸಂಘಗಳ ಗಂಡಸು ಮುಖಂಡರು ಸುಮ್ಮನಿದ್ದರು. ಎ.ಎಫ್.ಎಲ್.–ಸಿ.ಐ.ಒ. ಮನಸ್ಸು ಬದಲಿಸಿದ್ದು 1973ರಲ್ಲಿ. ಅಷ್ಟರಲ್ಲಿ ಎದುರುಪಕ್ಷ ಅಡಿಗೆಮನೆಗಳನ್ನು ಹೊಕ್ಕಾಗಿತ್ತು.

ದುಡಿಯುವ ತಾಯಿಯ ಮಗುವಿನ ಕಥೆ ಇನ್ನೂ ಕೆಟ್ಟದು. ದೇಶಾದ್ಯಂತ ಶಿಶುವಿಹಾರಗಳನ್ನು ತೆರೆಯುವ ಮಸೂದೆಯನ್ನು 1971ರಲ್ಲಿ ಎರಡು ಸಭೆಗಳೂ ಒಪ್ಪಿದ್ದವು. ಡಿಸೆಂಬರ್ 9ರಂದು ಅಧ್ಯಕ್ಷ ನಿಕ್ಸನ್ ಅದನ್ನು ತಳ್ಳಿಹಾಕಿದರು. ಮಕ್ಕಳನ್ನು ಸಾಮೂಹಿಕವಾಗಿ ಸಾಕುವ ಪದ್ಧತಿ ಕುಟುಂಬಕ್ಕೆ ಕೇಡೆಂದರು. 1975ರಲ್ಲಿ ಅದೇ ಬಗೆಯ ಮಸೂದೆ ಮತ್ತೆ ಬಂದಾಗ, ಸರಕಾರ ಮಕ್ಕಳನ್ನು ತಂದೆತಾಯಿಗಳಿಂದ ಕಿತ್ತುಕೊಳ್ಳುತ್ತದೆ ಎಂಬ ಕರಪತ್ರವೊಂದು, ಬರೆದವರ ಹೆಸರಿಲ್ಲದೆ, ಊರಿಂದೂರಿಗೆ ಹಾರಿತು. ಮಸೂದೆಯಲ್ಲಿ ಅಂಥ ಮಾತೇ ಇರಲಿಲ್ಲ. ಗಾಬರಿಯ ಪತ್ರಗಳು ಪಾರ್ಲಿಮೆಂಟಿನ ಮೇಲೆ ಮಳೆಗರೆದವು, ಮಸೂದೆ ಸತ್ತಿತು. ಪಾಳಿಗೆ ಹೋಗುವ ತಾಯಿ ಮಗುವನ್ನು ನೆರೆಮನೆಯಲ್ಲೇ ಬಿಡಬೇಕಾಯಿತು.

ಇಲ್ಲಿ ಕ್ರೈಸ್ತ ಧರ್ಮವನ್ನು ದೂರುವುದು ನಮ್ಮ ಉದ್ದೇಶವಲ್ಲ. ತಿದ್ದುಪಡಿಯ ಪರವಾಗಿ ನಿಂತ ಸನ್ಯಾಸಿನಿಯರಿದ್ದರು, ಇಗರ್ಜಿಗಳ ಮಹಿಳಾ ಸಂಘಗಳಿದ್ದವು. ಮಾರ್ಮನ್ ಪಂಥದ ಸೋನಿಯಾ ಜಾನ್ಸನ್ ಎಂಬಾಕೆಯನ್ನು, ತಿದ್ದುಪಡಿಯ ಪರ ದನಿಯೆತ್ತಿದ ಮೇಲೆ, 1979ರಲ್ಲಿ ಪಂಥದಿಂದ ಹೊರಹಾಕಿದರು. ಅದೇ ವರ್ಷ ಪಾದ್ರಿಯೊಬ್ಬರ ಪತ್ನಿ ಬೆವರ್ಲಿ ಲಹೇ ಕ್ಯಾಲಿಫೋರ್ನಿಯದಲ್ಲಿ ‘ಕನ್ಸರ್ನ್ಡ್ ವಿಮೆನ್ ಫಾರ್ ಅಮೆರಿಕ’ ಎಂಬ ಸಂಸ್ಥೆ ಕಟ್ಟಿದರು. ನಾಲ್ಕಾರು ನೆರೆಹೊರೆಯವರು ಒಂದು ಮನೆಯಲ್ಲಿ ಸೇರುವುದು, ಪ್ರಾರ್ಥನೆ ಮಾಡುವುದು, ಎದ್ದವರೇ ಶಾಸಕನಿಗೆ ಕಾಗದ ಬರೆಯುವುದು. ನಮ್ಮ ಸಂಘದ ಶಾಖೆಗಳು ತಿಂಗಳಿಗೊಮ್ಮೆ ಸೇರಲು ಎಷ್ಟು ಜೀವ ತೇಯುತ್ತವೆ ಎಂಬುದನ್ನು ನೆನೆದರೆ ನಾಚಿಕೆಯಾಗುತ್ತದೆ.

ಫಲ ಯಾರಿಗೆ? 1940ರಿಂದ ಈ ತಿದ್ದುಪಡಿಯನ್ನು ತನ್ನ ಪ್ರಣಾಳಿಕೆಯಲ್ಲಿ ಇಟ್ಟುಕೊಂಡಿದ್ದ ರಿಪಬ್ಲಿಕನ್ ಪಕ್ಷ 1980ರಲ್ಲಿ ಅದನ್ನು ಕಿತ್ತೆಸೆಯಿತು. ಕುಟುಂಬದ ರಕ್ಷಕರೆಂದು ರೇಗನ್ ಗೆದ್ದರು. ಮರುವರ್ಷ ಆಗಸ್ಟಿನಲ್ಲಿ ವಿಮಾನ ಸಂಚಾರ ನಿಯಂತ್ರಕರು ಮುಷ್ಕರ ಹೂಡಿದಾಗ 11,000ಕ್ಕೂ ಹೆಚ್ಚು ಮಂದಿಯನ್ನು ಒಂದೇ ಏಟಿಗೆ ಮನೆಗೆ ಕಳಿಸಿದರು. ಆ ಹನ್ನೊಂದು ಸಾವಿರ ಒಲೆಗಳು ಕುಟುಂಬದ ಲೆಕ್ಕಕ್ಕೆ ಬರಲಿಲ್ಲ.

1982ರ ಬೇಸಿಗೆಯಲ್ಲಿ ಸೋನಿಯಾ ಜಾನ್ಸನ್ ಮತ್ತು ಆರು ಸಂಗಾತಿಯರು ಇಲಿನಾಯ್ ರಾಜಧಾನಿಯಲ್ಲಿ 37 ದಿನ ಉಪವಾಸ ಮಾಡಿದರು. ಬ್ರೆಡ್ಡು ತಿಂದಿದ್ದ ಸಭೆ ಕರಗಲಿಲ್ಲ. ಜೂನ್ 30ಕ್ಕೆ ಗಡುವು ಮುಗಿಯಿತು. 38ನೆಯ ಸಂಸ್ಥಾನವಾಗಿ ವರ್ಜೀನಿಯ ಒಪ್ಪಿದ್ದು 2020ರಲ್ಲಿ. ಗಡುವು ಮೀರಿತೆಂಬ ತಕರಾರಿನಲ್ಲಿ ತಿದ್ದುಪಡಿ ಇನ್ನೂ ಆ ದೇಶದ ಸಂವಿಧಾನದ ಪುಟಕ್ಕೆ ಸೇರಿಲ್ಲ.

ಹೆರಿಗೆಯ ರಜೆಯನ್ನು ಸಂಬಳಸಮೇತ ಕೊಡಬೇಕೆಂಬ ಕಾನೂನನ್ನು ನಮ್ಮ ಬಡದೇಶ 1961ರಲ್ಲೇ ಮಾಡಿತು. ಆ ಶ್ರೀಮಂತ ದೇಶದಲ್ಲಿ ರಜೆಯ ಮಸೂದೆಯನ್ನು ಅಧ್ಯಕ್ಷ ಬುಷ್ 1990ರಲ್ಲೊಮ್ಮೆ, 1992ರಲ್ಲೊಮ್ಮೆ ತಳ್ಳಿಹಾಕಿದರು. ದೊಡ್ಡ ವರ್ತಕರ ಮಂಡಲಿ ಅವರ ಬೆನ್ನಿಗಿತ್ತು. 1993ರಲ್ಲಿ ಕ್ಲಿಂಟನ್ ಬಂದ ಮೇಲೆ ಕಾನೂನಾಯಿತು: 12 ವಾರ ರಜೆ, ಅದೂ 50 ಜನಕ್ಕಿಂತ ಕಡಿಮೆ ದುಡಿಯುವಲ್ಲಿ ಇಲ್ಲ. ಈ 12 ವಾರಕ್ಕೆ ಸಂಬಳವೆಷ್ಟೆಂದು ಕೇಳಿದರೆ, ಒಂದು ಸೆಂಟೂ ಇಲ್ಲ.