ಮುಂಗೈ ಮುರಿತದ ಸೂಚನೆ

ಐವತ್ತೆಂಟು ವರ್ಷದ ಗೃಹಿಣಿಯೊಬ್ಬಳು ನಸುಕಿನಲ್ಲಿ ಹಿತ್ತಲಿನ ಒದ್ದೆ ಕಲ್ಲಿನ ಮೇಲೆ ಕಾಲಿಟ್ಟು ಜಾರುತ್ತಾಳೆ. ಬೀಳುವ ದೇಹವನ್ನು ತಡೆಯಲು ಕೈ ತಾನಾಗಿಯೇ ಮುಂದೆ ಚಾಚಿಕೊಳ್ಳುತ್ತದೆ. ಅಂಗೈ ನೆಲಕ್ಕೆ ಊರುತ್ತದೆ. ಮಣಿಕಟ್ಟಿನ ಬಳಿಯ ಮೂಳೆ ಮುರಿಯುತ್ತದೆ. ಮನೆಯವರೆಲ್ಲ ಕೂಡಿ ಪಾಚಿಯನ್ನು ಬಯ್ಯುತ್ತಾರೆ. "ಕತ್ತಲಲ್ಲಿ ನೀವೇಕೆ ಹೋದಿರಿ ಅತ್ತೆ, ನನ್ನನ್ನು ಎಬ್ಬಿಸಬಾರದಾಗಿತ್ತೆ?" ಎಂದು ಸೊಸೆ ನೊಂದುಕೊಳ್ಳುತ್ತಾಳೆ. ಆರು ವಾರಗಳ ಕಾಲ ಕೈಗೆ ಪ್ಲಾಸ್ಟರು. ಅದನ್ನು ಬಿಚ್ಚಿದ ದಿನ ಪೀಡೆ ಕಳೆಯಿತೆಂದು ಎಲ್ಲರಿಗೂ ನೆಮ್ಮದಿ. ಅದೇ ಕಲ್ಲಿನ ಮೇಲೆ ಹಿಂದಿನ ವಾರ ಮಗನೂ ಜಾರಿ ಬಿದ್ದಿದ್ದನು. ಅವನಿಗೆ ಮೊಣಕೈ ತರಚಿತೇ ಹೊರತು ಮೂಳೆ ಮುರಿಯಲಿಲ್ಲ. ಪಾಚಿ ಇಬ್ಬರಿಗೂ ಒಂದೇ ಆಗಿದ್ದಿತು. ಮೂಳೆ ಒಂದೇ ಆಗಿತ್ತೆ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ.

ನಿಂತ ಎತ್ತರದಿಂದ ನೆಲಕ್ಕೆ ಬಿದ್ದ ಮಾತ್ರಕ್ಕೆ ಐವತ್ತು ದಾಟಿದವರ ಮೂಳೆ ಮುರಿದರೆ, ಆ ಮೂಳೆಯ ಬಲವನ್ನು ಸಂಶಯಿಸಬೇಕೆಂಬುದು ವೈದ್ಯಶಾಸ್ತ್ರದ ಸರಳ ನಿಯಮ. ಮರದಿಂದ ಬಿದ್ದರೆ, ವಾಹನ ಬಡಿದರೆ ಆ ಮಾತು ಬೇರೆ. ಮುಂಗೈಯ ಈ ಮುರಿತವನ್ನು ಡಬ್ಲಿನ್ ನಗರದ ಶಸ್ತ್ರವೈದ್ಯ ಏಬ್ರಹಾಂ ಕೋಲಿಸ್ ೧೮೧೪ರಲ್ಲಿಯೇ ವಿವರಿಸಿದನು. ಇಂದಿಗೂ ಅದಕ್ಕೆ ಅವನದೇ ಹೆಸರು. ಕ್ಷ-ಕಿರಣ ಪತ್ತೆಯಾದದ್ದು ೧೮೯೫ರಲ್ಲಿ. ಅದಕ್ಕೆ ಎಂಬತ್ತೊಂದು ವರ್ಷ ಮೊದಲು, ಮೂಳೆಯ ಚಿತ್ರವನ್ನೇ ಕಾಣದೆ ಅವನು ಇದನ್ನು ಗುರುತಿಸಿದನೆಂಬುದು ಮೆಚ್ಚತಕ್ಕ ಸಂಗತಿ. ತೊಡೆಮೂಳೆಯ ಕತ್ತು ಮುರಿಯುವುದು ಮುಪ್ಪಿನಲ್ಲಿ, ಅದರಲ್ಲಿಯೂ ಹೆಂಗಸರಲ್ಲಿ ಹೆಚ್ಚು ಎಂಬುದನ್ನು ಲಂಡನ್ನಿನ ಆಸ್ಟ್ಲಿ ಕೂಪರ್ ೧೮೨೨ರ ತನ್ನ ಗ್ರಂಥದಲ್ಲಿ ಬರೆದಿಟ್ಟನು. ಕಾರಣ ತಿಳಿಯಲು ಮಾತ್ರ ಮುಂದಿನ ಶತಮಾನ ಬರಬೇಕಾಯಿತು. ಮುಟ್ಟು ನಿಂತ ಬಳಿಕ ಹೆಣ್ಣಿನ ದೇಹದಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನು ತಗ್ಗುವುದಕ್ಕೂ ಮೂಳೆ ಟೊಳ್ಳಾಗುವುದಕ್ಕೂ ಇರುವ ನಂಟನ್ನು ಅಮೆರಿಕದ ವೈದ್ಯ ಫುಲ್ಲರ್ ಆಲ್‌ಬ್ರೈಟ್ ಮತ್ತು ಸಂಗಡಿಗರು ೧೯೪೧ರಲ್ಲಿ ಸ್ಪಷ್ಟಪಡಿಸಿದರು.

ಇಲ್ಲಿ ಕನ್ನಡದ ಒಂದು ತೊಡಕನ್ನು ಹೇಳಲೇಬೇಕು. 'ಮೂಳೆ ಸವೆತ' ಎಂಬ ಒಂದೇ ಮಾತನ್ನು ಜನ ಎರಡು ಬೇರೆ ಬೇರೆ ರೋಗಗಳಿಗೆ ಬಳಸುತ್ತಾರೆ. ಮೆಟ್ಟಿಲು ಹತ್ತುವಾಗ ಮೊಣಕಾಲು ಚುಚ್ಚುವುದು, ಕೂತರೆ ಏಳಲಾಗದಿರುವುದು - ಇದು ಕೀಲಿನ ಸವೆತ. ಎರಡು ಮೂಳೆಗಳ ನಡುವಣ ನುಣುಪಾದ ಮೃದ್ವಸ್ಥಿ ತೇಯ್ದುಹೋಗುವುದರಿಂದ ಉಂಟಾಗುವ ಕಷ್ಟ. ಇನ್ನೊಂದು, ಮೂಳೆಯ ಒಳಗಿನ ಹಂದರವೇ ತೆಳುವಾಗಿ ಜಾಲರಿಯಂತಾಗುವುದು. ಆಸ್ಟಿಯೊಪೊರೋಸಿಸ್ ಎಂದು ಡಾಕ್ಟರರು ಕರೆಯುವುದು ಇದನ್ನು. ಮೊದಲನೆಯದು ನೋಯುತ್ತದೆ; ಆದುದರಿಂದ ಅದಕ್ಕೆ ಎಣ್ಣೆ, ಕಾಸಿದ ಉಪ್ಪಿನ ಗಂಟು, ಮಾತ್ರೆ ಎಲ್ಲವೂ ದೊರೆಯುತ್ತವೆ. ಎರಡನೆಯದು ಮುರಿಯುವವರೆಗೂ ನೋಯುವುದಿಲ್ಲ. ಆದುದರಿಂದ ಅದಕ್ಕೆ ಏನೂ ದೊರೆಯುವುದಿಲ್ಲ. "ನನಗೆ ಮೂಳೆ ಸವೆತವಿದೆ, ಔಷಧಿ ತೆಗೆದುಕೊಳ್ಳುತ್ತಿದ್ದೇನೆ" ಎನ್ನುವ ಎಷ್ಟೋ ಮಂದಿ ತೆಗೆದುಕೊಳ್ಳುತ್ತಿರುವುದು ಮೊಣಕಾಲಿನ ನೋವಿನ ಮಾತ್ರೆಯನ್ನು. ಎರಡನೆಯದನ್ನು 'ಟೊಳ್ಳು ಮೂಳೆ' ಎಂದು ಬೇರೆಯಾಗಿ ಕರೆದರೆ ಅರ್ಧ ಗೊಂದಲ ಕಳೆದೀತು.

ಮೂಳೆಯೆಂದರೆ ಒಮ್ಮೆ ಎರಕ ಹೊಯ್ದರೆ ಹಾಗೆಯೇ ನಿಲ್ಲುವ ಕಂಬವೆಂಬ ಭಾವನೆ ಸಾಮಾನ್ಯ. ಅದು ಸರಿಯಲ್ಲ. ಹಳೆಯ ಮೂಳೆಯನ್ನು ಕರಗಿಸುವ ಜೀವಕೋಶಗಳೂ ಹೊಸದನ್ನು ಕಟ್ಟುವ ಜೀವಕೋಶಗಳೂ ಹಗಲಿರುಳು ದುಡಿಯುತ್ತಿರುತ್ತವೆ. ವಯಸ್ಕರ ಅಸ್ಥಿಪಂಜರದಲ್ಲಿ ವರ್ಷಕ್ಕೆ ಸುಮಾರು ಹತ್ತನೆಯ ಒಂದು ಪಾಲು ಹೊಸದಾಗುತ್ತದೆ. ಮೂವತ್ತರ ಆಸುಪಾಸಿನವರೆಗೆ ಕಟ್ಟುವವರ ಕೈ ಮೇಲಾಗಿರುತ್ತದೆ. ಆಮೇಲೆ ಕೆಲಕಾಲ ಸಮಸಮ. ಮುಟ್ಟು ನಿಂತೊಡನೆ ಕೆಡಹುವವರಿಗೆ ಕಡಿವಾಣವಿಲ್ಲದಂತಾಗಿ, ಮೊದಲ ಐದಾರು ವರ್ಷಗಳಲ್ಲಿ ನಷ್ಟ ಬಲು ಬಿರುಸು. ಗಂಡಸರು ಇದರಿಂದ ಪಾರೆಂದು ತಿಳಿಯಬೇಕಾಗಿಲ್ಲ. ಅವರಿಗೆ ತಡವಾಗಿ, ನಿಧಾನವಾಗಿ ಬರುತ್ತದೆ, ಅಷ್ಟೆ. ಹೊಗೆಸೊಪ್ಪು, ಹೆಂಡ, ಅತಿಯಾಗಿ ಕೆಲಸ ಮಾಡುವ ಥೈರಾಯಿಡ್ ಗ್ರಂಥಿ ಇವು ಕಾರಣಗಳಾಗುತ್ತವೆ. ಉಬ್ಬಸಕ್ಕೋ ಕೀಲುವಾತಕ್ಕೋ ಮೂರು ತಿಂಗಳಿಗೂ ಮೀರಿ ನುಂಗುವ ಸ್ಟಿರಾಯ್ಡ್ ಮಾತ್ರೆ ಇನ್ನೊಂದು ದೊಡ್ಡ ಕಾರಣ. ತಾಯಿಗೋ ತಂದೆಗೋ ಸೊಂಟ ಮುರಿದಿದ್ದರೆ ಮಕ್ಕಳು ಎಚ್ಚರದಿಂದಿರುವುದು ಲೇಸು.

ನೋವಿಲ್ಲದ ರೋಗವನ್ನು ಮೊದಲೇ ತಿಳಿಯುವುದು ಹೇಗೆ? ಕೆಲವು ಸೂಚನೆಗಳು ಮನೆಯಲ್ಲಿಯೇ ಕಾಣುತ್ತವೆ. ನಾಲ್ಕು ವರ್ಷದ ಹಿಂದೆ ಕೈಗೆಟುಕುತ್ತಿದ್ದ ನಾಗೊಂದಿಗೆಯ ಡಬ್ಬ ಈಗ ಎಟುಕದು. ಸೀರೆಯ ನೆರಿಗೆ ನೆಲಕ್ಕೆ ಎಳೆಯುತ್ತದೆ. ಬೆನ್ನು ಬಾಗುತ್ತ ಬರುತ್ತದೆ. ಇದೆಲ್ಲ ವಯಸ್ಸಿನ ಸಹಜ ಲಕ್ಷಣವೆಂದು ನಗುವುದುಂಟು. ಆದರೆ ಬೆನ್ನುಮೂಳೆಯ ಒಂದೊಂದು ಮಣಿ ಸದ್ದಿಲ್ಲದೆ ಕುಸಿಯುತ್ತಿರಬಹುದು. ಹಾಗೆ ಕುಸಿದ ಮಣಿಗಳಲ್ಲಿ ಹೆಚ್ಚಿನವು ವೈದ್ಯರ ಗಮನಕ್ಕೇ ಬರುವುದಿಲ್ಲ. ನಿಶ್ಚಯವಾಗಿ ತಿಳಿಯಲು ಡೆಕ್ಸಾ ಎಂಬ ಪರೀಕ್ಷೆ ಇದೆ. ೧೯೮೭ರಿಂದ ಬಳಕೆಗೆ ಬಂದ ಈ ಯಂತ್ರ ಅತ್ಯಲ್ಪ ಕ್ಷ-ಕಿರಣದಿಂದ ಸೊಂಟದ ಮತ್ತು ಬೆನ್ನಿನ ಮೂಳೆಯ ಸಾಂದ್ರತೆಯನ್ನು ಅಳೆಯುತ್ತದೆ. ಹತ್ತಿಪ್ಪತ್ತು ನಿಮಿಷದ ಕೆಲಸ, ಸೂಜಿಯಿಲ್ಲ, ನೋವಿಲ್ಲ. ತರುಣರ ಸರಾಸರಿಯೊಡನೆ ಹೋಲಿಸಿ ಬರುವ ಅಂಕ -೨.೫ ಅಥವಾ ಅದಕ್ಕಿಂತ ಕೆಳಗಿದ್ದರೆ ಟೊಳ್ಳು ಮೂಳೆಯೆಂದು ವಿಶ್ವ ಆರೋಗ್ಯ ಸಂಸ್ಥೆ ೧೯೯೪ರಲ್ಲಿ ಗೆರೆ ಎಳೆಯಿತು. ಔಷಧದಂಗಡಿಯ ಮುಂದೆ ಹಿಮ್ಮಡಿಯನ್ನು ಯಂತ್ರಕ್ಕೆ ಕೊಟ್ಟು ಮಾಡಿಸುವ ಬಿಟ್ಟಿ ಪರೀಕ್ಷೆ ಸೂಚನೆ ಕೊಟ್ಟೀತು. ಅದನ್ನೇ ತೀರ್ಪೆಂದು ತಿಳಿದು ಮಾತ್ರೆ ಕೊಳ್ಳುವುದು ತರವಲ್ಲ.

ಆಹಾರದ ವಿಷಯದಲ್ಲಿ ಕನ್ನಡ ನಾಡಿನ ಬಯಲುಸೀಮೆಗೆ ಒಂದು ಭಾಗ್ಯವಿದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು ೩೫೦ ಮಿಲಿಗ್ರಾಂ ಸುಣ್ಣಾಂಶವಿದೆ. ಅಷ್ಟೇ ತೂಕದ ಬಿಳಿಯ ಅಕ್ಕಿಯಲ್ಲಿ ಹತ್ತರ ಆಸುಪಾಸು ಮಾತ್ರ. ರಾಗಿಯನ್ನು ಮೊಳಕೆ ಕಟ್ಟಿಸಿ ಹುರಿದು ಹಿಟ್ಟು ಮಾಡುವ ಹಳೆಯ ಪದ್ಧತಿಯಿಂದ ಆ ಸುಣ್ಣ ದೇಹಕ್ಕೆ ಇನ್ನಷ್ಟು ಸುಲಭವಾಗಿ ಹತ್ತುತ್ತದೆ. ದೊಡ್ಡ ಲೋಟ ಹಾಲಿನಲ್ಲಿ ಮುನ್ನೂರು ಮಿಲಿಗ್ರಾಂ ಸಿಕ್ಕೀತು. ಮೊಸರು, ಕರಿ ಎಳ್ಳು, ನುಗ್ಗೆಸೊಪ್ಪು ಇವೂ ಒಳ್ಳೆಯವು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿ ೨೦೨೦ರಲ್ಲಿ ವಯಸ್ಕರಿಗೆ ದಿನಕ್ಕೆ ೧,೦೦೦ ಮಿಲಿಗ್ರಾಂ, ಮುಟ್ಟು ನಿಂತ ಹೆಂಗಸರಿಗೆ ೧,೨೦೦ ಮಿಲಿಗ್ರಾಂ ಎಂದು ಗೊತ್ತುಪಡಿಸಿತು. ಎರಡು ಹೊತ್ತು ಅನ್ನ, ಕಾಫಿಗೆ ಎರಡು ಚಮಚ ಹಾಲು - ಇಷ್ಟರಲ್ಲಿ ದಿನ ಕಳೆಯುವ ಹೆಂಗಸಿಗೆ ಅದರ ಕಾಲುಭಾಗವೂ ದೊರೆಯುವುದು ಕಷ್ಟ. ಮನೆಯ ಹಾಲೆಲ್ಲ ಗಂಡಸರಿಗೂ ಮಕ್ಕಳಿಗೂ ಹಂಚಿ, ಉಳಿದ ಮಜ್ಜಿಗೆಯ ನೀರನ್ನು ತಾನು ಕುಡಿಯುವ ತಾಯಿ ಇಂದಿಗೂ ಅಪರೂಪವಲ್ಲ.

ಎಲೆಯಡಿಕೆಯ ಸುಣ್ಣ ಸಾಲದೆ ಎಂದು ಹಿರಿಯರು ಕೇಳುತ್ತಾರೆ. ಆ ಸುಣ್ಣವೂ ಸುಣ್ಣವೇ, ನಿಜ. ಆದರೆ ಜೊತೆಯಲ್ಲಿರುವ ಅಡಿಕೆಯೇ ಕ್ಯಾನ್ಸರ್ ತರಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ೨೦೦೪ರಲ್ಲಿ ಪ್ರಕಟಿಸಿದೆ. ಮೂಳೆಯ ನೆಪದಲ್ಲಿ ಬಾಯನ್ನು ಕಳೆದುಕೊಳ್ಳುವುದು ಜಾಣತನವಲ್ಲ.

ತಿಂದ ಸುಣ್ಣ ರಕ್ತಕ್ಕೆ ಸೇರಲು 'ಡಿ' ಜೀವಸತ್ವ ಬೇಕು. ಅದನ್ನು ಚರ್ಮವೇ ಬಿಸಿಲಿನಿಂದ ತಯಾರಿಸಿಕೊಳ್ಳುತ್ತದೆ. ವರ್ಷವೆಲ್ಲ ಬಿಸಿಲು ಕಾಯುವ ದೇಶದಲ್ಲಿ ಈ ಸತ್ವದ ಕೊರತೆ ವ್ಯಾಪಕವಾಗಿರುವುದು ವಿಚಿತ್ರವೆನಿಸಿದರೂ ಸತ್ಯ. ಮನೆ, ಕಚೇರಿ, ಬಸ್ಸು ಎಲ್ಲವೂ ನೆರಳೇ. ಕಿಟಕಿಯ ಗಾಜಿನ ಮೂಲಕ ಬರುವ ಬಿಸಿಲಿನಿಂದ ಪ್ರಯೋಜನವಿಲ್ಲ, ಬೇಕಾದ ಕಿರಣವನ್ನು ಗಾಜು ತಡೆಯುತ್ತದೆ. ತನ್ನ ನೆರಳು ತನಗಿಂತ ಗಿಡ್ಡವಾಗಿರುವ ಹೊತ್ತಿನಲ್ಲಿ ಕೈಕಾಲುಗಳಿಗೆ ಬಿಸಿಲು ತಾಗಬೇಕು. ಮುಂಜಾನೆಯ ಎಳೆಬಿಸಿಲು ಹಿತವೇನೋ ಹೌದು, ಈ ಕೆಲಸಕ್ಕೆ ಸಾಲದು. ಕೊರತೆಯಿದ್ದವರಿಗೆ ವೈದ್ಯರು ಅರುವತ್ತು ಸಾವಿರ ಯೂನಿಟ್ಟಿನ ಪುಡಿಯನ್ನೋ ಗುಳಿಗೆಯನ್ನೋ ಬರೆದುಕೊಡುತ್ತಾರೆ. ಅದು ಸಾಮಾನ್ಯವಾಗಿ ವಾರಕ್ಕೊಂದು. ದಿನಕ್ಕೊಂದೆಂದು ತಪ್ಪು ತಿಳಿದು ನುಂಗಿ, ರಕ್ತದಲ್ಲಿ ಸುಣ್ಣ ಉಕ್ಕಿ, ಮೂತ್ರಪಿಂಡಕ್ಕೆ ಕುತ್ತು ತಂದುಕೊಂಡವರಿದ್ದಾರೆ.

ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅತಿಯಾಗಿರುವ ಕೋಲಾರ, ಪಾವಗಡಗಳಂಥ ಕಡೆ ಇನ್ನೊಂದು ಮಾತು ಕೂಡುತ್ತದೆ. ನೆಲ್ಲೂರು ಪ್ರದೇಶದಲ್ಲಿ ೧೯೩೭ರಲ್ಲಿ ಮೊದಲು ವರದಿಯಾದ ಆ ರೋಗದಲ್ಲಿ ಮೂಳೆ ಚಿತ್ರದಲ್ಲಿ ದಟ್ಟವಾಗಿ ಕಂಡರೂ ಪೆಡಸಾಗಿರುತ್ತದೆ. ಅಂಥ ಊರಿನವರು ಪರೀಕ್ಷೆಗೆ ಹೋದಾಗ ಕುಡಿಯುವ ನೀರಿನ ಸಂಗತಿಯನ್ನೂ ವೈದ್ಯರಿಗೆ ತಿಳಿಸಬೇಕು.

ಇನ್ನು ಎಲ್ಲಕ್ಕಿಂತ ಭಾರವಾದ ವಿಷಯ, ಸೊಂಟದ ಮುರಿತ. ಮುಂಗೈ ಮುರಿದವಳು ಚೇತರಿಸಿಕೊಂಡು ಹತ್ತು ಹದಿನೈದು ವರ್ಷ ಕಳೆದಿವೆ ಎಂದುಕೊಳ್ಳೋಣ. ರಾತ್ರಿ ಬಚ್ಚಲಿಗೆ ಹೋಗುವಾಗ ಬೀಳುತ್ತಾಳೆ. ಈ ಸಲ ಕೈ ಚಾಚುವಷ್ಟು ಚುರುಕಿಲ್ಲ. ಪಕ್ಕಕ್ಕೆ ಬೀಳುತ್ತಾಳೆ, ತೊಡೆಮೂಳೆಯ ಕತ್ತು ಮುರಿಯುತ್ತದೆ. ಏಳಲಾಗದು, ಕಾಲು ಗಿಡ್ಡವಾಗಿ, ಪಾದ ಹೊರಮುಖವಾಗಿ ತಿರುಗಿರುತ್ತದೆ. ಆಗ ಮನೆಯಲ್ಲಿ ನಡೆಯುವ ಸಮಾಲೋಚನೆ ಎಲ್ಲರಿಗೂ ಪರಿಚಿತವೇ. "ಈ ವಯಸ್ಸಿನಲ್ಲಿ ಅಮ್ಮನಿಗೆ ಆಪರೇಷನ್ ಯಾಕೆ, ತಡೆದುಕೊಳ್ಳುತ್ತಾಳೆಯೆ?" ಎಂದು ಒಬ್ಬರು. "ಪುತ್ತೂರು ಕಟ್ಟು ಹಾಕಿಸೋಣ" ಎಂದು ಮತ್ತೊಬ್ಬರು. (ಇದು ದಕ್ಷಿಣ ಕನ್ನಡದ ಪುತ್ತೂರಲ್ಲ, ಆಂಧ್ರದ್ದು.) ಕಟ್ಟು ಹಾಕುವ ನಾಟಿ ವೈದ್ಯರ ಕೈಗುಣದ ಮೇಲೆ ಜನರಿಗಿರುವ ನಂಬಿಕೆ ಹಳೆಯದು, ಅದನ್ನು ಹಗುರವಾಗಿ ಕಾಣಬೇಕಾಗಿಲ್ಲ. ಆದರೆ ಸೊಂಟದ ಆಳದಲ್ಲಿರುವ ಈ ಮೂಳೆಯನ್ನು ಹೊರಗಿನ ಯಾವ ಕಟ್ಟೂ ಹಿಡಿದು ನಿಲ್ಲಿಸಲಾರದು. ತೊಡೆಯ ಬಲವಾದ ಸ್ನಾಯುಗಳು ಮುರಿದ ತುದಿಯನ್ನು ಮೇಲಕ್ಕೆ ಎಳೆಯುತ್ತಲೇ ಇರುತ್ತವೆ. ಮೂಳೆಯ ತಲೆಗೆ ಹೋಗುವ ರಕ್ತನಾಳಗಳೂ ಆ ಕತ್ತಿನ ಮೂಲಕವೇ ಹಾಯುವುದರಿಂದ ಅವೂ ಹರಿದಿರಬಹುದು.

ಶಸ್ತ್ರಚಿಕಿತ್ಸೆ ಬೇಡವೆಂಬ ಕರುಣೆಯ ಫಲ ತಿಂಗಳುಗಟ್ಟಲೆ ಹಾಸಿಗೆ. ಹಾಸಿಗೆಯೆಂದರೆ ಬೆನ್ನಿನ ಹುಣ್ಣು, ಎದೆಯ ಕಫ, ಮೂತ್ರದ ಸೋಂಕು, ಕಾಲಿನ ನಾಳದಲ್ಲಿ ಹೆಪ್ಪುಗಟ್ಟುವ ರಕ್ತ. ಸೊಂಟ ಮುರಿದ ವೃದ್ಧರಲ್ಲಿ ಒಳ್ಳೆಯ ಆಸ್ಪತ್ರೆಗಳಿರುವ ದೇಶಗಳಲ್ಲಿಯೂ ಐವರಿಗೆ ಒಬ್ಬರಷ್ಟು ಮಂದಿ ವರ್ಷದೊಳಗೆ ತೀರಿಕೊಳ್ಳುತ್ತಾರೆ. ಅವರು ಸಾಯುವುದು ಮುರಿತದಿಂದಲ್ಲ, ಮಲಗಿದ್ದುದರ ಪರಿಣಾಮಗಳಿಂದ ಎಂಬುದು ಹೆಚ್ಚಿನವರ ಮಟ್ಟಿಗೆ ನಿಜ. ಆದುದರಿಂದಲೇ ಎಂಬತ್ತು ದಾಟಿದವರಿಗೂ, ದೇಹಸ್ಥಿತಿ ಒಪ್ಪಿದರೆ, ಎರಡು ದಿನದೊಳಗೆ ಶಸ್ತ್ರಚಿಕಿತ್ಸೆ ಮಾಡಿ ಮರುದಿನವೇ ಎಬ್ಬಿಸಿ ನಿಲ್ಲಿಸುವುದು ಇಂದಿನ ಕ್ರಮ. ಲೋಹದ ಮೊಳೆಯಿಂದ ಮೂಳೆಯನ್ನು ಬಿಗಿಯುತ್ತಾರೆ, ಇಲ್ಲವೆ ಮುರಿದ ತಲೆಯನ್ನು ತೆಗೆದು ಕೃತಕವಾದದ್ದನ್ನು ಕೂಡಿಸುತ್ತಾರೆ. ನೆಂಟರೆಲ್ಲ ಬಂದು ಒಮ್ಮತಕ್ಕೆ ಬರುವವರೆಗೆ ಕಾಯುವ ಒಂದೊಂದು ದಿನಕ್ಕೂ ಬೆಲೆಯುಂಟು.

ಟೊಳ್ಳು ಮೂಳೆಗೆ ಔಷಧವಿಲ್ಲವೆಂದು ತಿಳಿದವರೇ ಬಹಳ. ಅದು ಮಾತ್ರ ಹಳೆಯ ಕಾಲದ ಮಾತು. ೧೯೯೫ರಿಂದೀಚೆಗೆ ಮೂಳೆ ಕರಗುವುದನ್ನು ತಡೆಯುವ ಮಾತ್ರೆಗಳು ಬಳಕೆಯಲ್ಲಿವೆ. ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್ ಅವುಗಳಲ್ಲಿ ಹೆಸರಾದುದು. ನುಂಗುವ ಕ್ರಮ ಮುಖ್ಯ: ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ತುಂಬಿದ ಲೋಟ ನೀರಿನೊಡನೆ, ಬಳಿಕ ಅರ್ಧ ಗಂಟೆ ಮಲಗಬಾರದು, ಏನನ್ನೂ ತಿನ್ನಬಾರದು. ಕಾಫಿಯೊಡನೆ ನುಂಗಿದರೆ ಅದರ ಬಹುಭಾಗ ವ್ಯರ್ಥ, ನುಂಗಿ ಮಲಗಿದರೆ ಅನ್ನನಾಳ ಉರಿದು ಹುಣ್ಣಾಗಬಹುದು. ವರ್ಷಕ್ಕೊಮ್ಮೆ ರಕ್ತನಾಳಕ್ಕೆ ಕೊಡುವ ಔಷಧವೂ ಇದೆ, ಆರು ತಿಂಗಳಿಗೊಮ್ಮೆ ಚುಚ್ಚುವುದೂ ಇದೆ. ಈ ಕೊನೆಯದನ್ನು ವೈದ್ಯರನ್ನು ಕೇಳದೆ ನಡುವೆ ನಿಲ್ಲಿಸಿದರೆ ಬೆನ್ನಿನ ಮಣಿಗಳು ಒಂದರ ಹಿಂದೆ ಒಂದು ಕುಸಿಯುವ ಭಯವಿದೆ. ಹಲ್ಲು ಕೀಳಿಸುವ ಮೊದಲು ಇಂಥ ಔಷಧಿಯ ವಿಚಾರವನ್ನು ದಂತವೈದ್ಯರಿಗೆ ಹೇಳಬೇಕು. ದವಡೆಯ ಮೂಳೆಗೆ ತೊಂದರೆಯಾಗುವುದು ಅಪರೂಪವಾದರೂ ಉಂಟು. ಮಂಗರವಳ್ಳಿಯ ಚಟ್ನಿಯನ್ನು ತಿನ್ನುವವರು ತಿನ್ನಲಿ, ರುಚಿಯಾದ ಪದಾರ್ಥ; ಈ ಔಷಧಗಳ ಸ್ಥಾನದಲ್ಲಿ ಮಾತ್ರ ಅದನ್ನು ಕೂರಿಸಬಾರದು.

ನಡಿಗೆ, ಮೆಟ್ಟಿಲು ಹತ್ತುವುದು, ಮೈಭಾರವನ್ನು ಕಾಲ ಮೇಲೆ ಹೊರುವ ಯಾವುದೇ ಕೆಲಸ ಮೂಳೆಗೆ ಒಳ್ಳೆಯದು. ಯೋಗಾಭ್ಯಾಸಿಗಳಿಗೆ ಒಂದೇ ಎಚ್ಚರಿಕೆ: ಬೆನ್ನಿನ ಮಣಿ ಈಗಾಗಲೇ ಕುಸಿದಿದ್ದರೆ ಪಶ್ಚಿಮೋತ್ತಾನಾಸನ, ಪಾದಹಸ್ತಾಸನಗಳಂಥ ಮುಂಬಾಗುವ ಆಸನಗಳನ್ನು ಬಿಡಬೇಕು. ಬೀಳದಂತೆ ನೋಡಿಕೊಳ್ಳುವ ಉಪಾಯಗಳಿಗೆ ಹೆಚ್ಚು ಹಣ ಬೇಡ. ಬಚ್ಚಲಿನ ಗೋಡೆಗೆ ಹಿಡಿಕೆ, ಹಾಸಿಗೆಯಿಂದ ಬಚ್ಚಲಿನವರೆಗೆ ಸಣ್ಣ ದೀಪ, ಕಾಲಿಗೆ ಸಿಕ್ಕುವ ಚಾಪೆಯ ಅಂಚನ್ನು ತೆಗೆದುಹಾಕುವುದು, ಕಣ್ಣಿನ ಪೊರೆ ಬಂದಿದ್ದರೆ ಅದನ್ನು ತೆಗೆಸುವುದು, ರಾತ್ರಿಯ ನಿದ್ರೆಮಾತ್ರೆ ನಿಜವಾಗಿಯೂ ಬೇಕೆ ಎಂದು ವೈದ್ಯರನ್ನು ಕೇಳುವುದು. ಮುಂಗೈಯ ಪ್ಲಾಸ್ಟರನ್ನು ಬಿಚ್ಚಿಸಲು ಹೋದ ದಿನವೇ ಮಗನೋ ಸೊಸೆಯೋ ಡಾಕ್ಟರರನ್ನು ಇನ್ನೊಂದು ಮಾತು ಕೇಳಬಹುದು: "ಇವರ ಮೂಳೆಯ ಸಾಂದ್ರತೆಯನ್ನು ಪರೀಕ್ಷೆ ಮಾಡಿಸಬೇಕೆ?"